ಕಟ್ಟಿದ ನೀರು, ಹುಟ್ಟಿದ ದಾರಿ

ಎಳ್ಳ ಅಮವಾಸ್ಯೆಯ ಹೊತ್ತಿಗೆ ಬಾಗಲಕೋಟೆ, ಹುನಗುಂದ ಕಡೆಯ ಎರೆ ಹೊಲಗಳಲ್ಲಿ ಬಿಳಿಜೋಳ ಎದೆಯೆತ್ತರಕ್ಕೆ ಬೆಳೆದಿರುತ್ತದೆ. ಮನೆಮಂದಿಯೆಲ್ಲ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಬನ್ನಿ ಗಿಡದ ಕೆಳಗೆ ಕುಳಿತು ಸಜ್ಜೆ ರೊಟ್ಟಿ, ಎಣ್ಣೆಗಾಯಿ ಉಂಡು ಬರುವ ಹಬ್ಬ ಅದು. ಮುಂದೆ ಕೆಲವೇ ವಾರಗಳಲ್ಲಿ ತೆನೆಯಲ್ಲಿ ಹಾಲು ತುಂಬಿ ಸೀತನಿ ತಿನ್ನುವ ಕಾಲ ಬರುತ್ತದೆ. ಆಗ ಹೊಲದ ಮೇಲೆ ಹಳದಿ ಹೊಟ್ಟೆಯ, ಕರಿ ತಲೆಯ ಸಣ್ಣ ಹಕ್ಕಿಗಳ ಹಿಂಡು ಇಳಿಯುತ್ತದೆ. ಮಂಚಿಕೆಯ ಮೇಲೆ ನಿಂತವನು ಕವಣೆ ಬೀಸಿ ಕೂಗು ಹಾಕುತ್ತಾನೆ. ಹಿಂಡು ಎದ್ದು ಪಕ್ಕದ ಹೊಲಕ್ಕೆ ಹೋಗಿ ಕೂರುತ್ತದೆ.

ರೈತನ ಲೆಕ್ಕದಲ್ಲಿ ಅದು ಕಾಳು ಕದಿಯುವ ಹಕ್ಕಿ. ಪಕ್ಷಿಶಾಸ್ತ್ರದ ಪುಸ್ತಕಗಳಲ್ಲಿ ಅದರ ಹೆಸರು ಕಪ್ಪುತಲೆಯ ಬಂಟಿಂಗ್. ತೂಕ ಸುಮಾರು ಮೂವತ್ತು ಗ್ರಾಂ, ಅಂದರೆ ಒಂದು ಹಿಡಿ ಕಾಳಿನಷ್ಟು. ಅದು ಗೂಡು ಕಟ್ಟುವುದು ನಮ್ಮ ನಾಡಿನಲ್ಲಿ ಅಲ್ಲ. ಆಗ್ನೇಯ ಯುರೋಪಿನ ಬಾಲ್ಕನ್ ದೇಶಗಳಿಂದ ಹಿಡಿದು ತುರ್ಕಿ, ಇರಾನ್‌ವರೆಗಿನ ಬಯಲುಗಳಲ್ಲಿ ಮರಿ ಮಾಡಿ, ಚಳಿಗಾಲ ಕಳೆಯಲು ಪಶ್ಚಿಮ ಮತ್ತು ಮಧ್ಯ ಭಾರತಕ್ಕೆ ಬರುತ್ತದೆ. ಯುರೋಪಿನ ಪಕ್ಷಿವೀಕ್ಷಕರು ದುರ್ಬೀನು ಹಿಡಿದು ಮೇ ತಿಂಗಳಲ್ಲಿ ಹುಡುಕಿಕೊಂಡು ಹೋಗುವ ಹಕ್ಕಿಯನ್ನು ನಮ್ಮ ರೈತ ಜನವರಿಯಲ್ಲಿ ಕವಣೆಯಿಂದ ಓಡಿಸುತ್ತಾನೆ.

ಮಧ್ಯ ಯುರೋಪಿನ ಕಾಡು ಮತ್ತು ಜೌಗು ಪ್ರದೇಶಗಳಲ್ಲಿ ಪಕ್ಷಿಗಳನ್ನು ನೋಡುತ್ತ ಪ್ರವಾಸ ಮಾಡುವುದು ಅಲ್ಲಿನವರಿಗೆ ಹಳೆಯ ಹವ್ಯಾಸ. ಪೋಲೆಂಡಿನ ಬಿಯಾವೊವೆಜಾ ಕಾಡು, ಹಂಗೇರಿಯ ಹೊರ್ತೊಬಾಜ್ ಹುಲ್ಲುಗಾವಲು, ಜೆಕ್ ದೇಶದ ಟ್ರೆಬೋನ್ ಕೆರೆಗಳು ಆ ಹಾದಿಯ ಹೆಸರಾಂತ ತಾಣಗಳು. ಆದರೆ ಅಲ್ಲಿನ ಕೆಲವು ಹಕ್ಕಿಗಳ ಅರ್ಧ ಆಯುಷ್ಯ ಕಳೆಯುವುದು ನಮ್ಮ ಹೊಲ, ಹಿತ್ತಿಲು, ಹಿನ್ನೀರುಗಳಲ್ಲಿ. ಅವು ಇಲ್ಲಿಗೆ ಏಕೆ ಬರುತ್ತವೆ, ಬಂದು ಎಲ್ಲಿ ಇಳಿಯುತ್ತವೆ ಎಂದು ಕೇಳಿದರೆ ಉತ್ತರ ನಮ್ಮ ನಾಡಿನ ಚರಿತ್ರೆಯೊಳಗೇ ಸಿಗುತ್ತದೆ. ಬರದ ಸೀಮೆಯೆಂದೇ ಹೆಸರಾದ ಈ ಜಿಲ್ಲೆಯಲ್ಲಿ ಹಕ್ಕಿ ಇಳಿಯುವ ನಿಂತ ನೀರೆಲ್ಲ ಬಹುಮಟ್ಟಿಗೆ ಮನುಷ್ಯರು ಕಟ್ಟಿ ನಿಲ್ಲಿಸಿದ ನೀರು.

ಈಟಿ ಹೊತ್ತು ಬಂದ ಕೊಕ್ಕರೆ

ಚಳಿಗಾಲದಲ್ಲಿ ಹಕ್ಕಿಗಳು ಎಲ್ಲಿ ಹೋಗುತ್ತವೆ ಎಂಬುದು ಯುರೋಪಿಗೆ ಬಹುಕಾಲ ಬಿಡಿಸಲಾಗದ ಒಗಟಾಗಿತ್ತು. ಬಾನಾಡಿಗಳು ಕೆರೆಯ ಕೆಸರಿನಲ್ಲಿ ಹೂತು ನಿದ್ರೆ ಮಾಡುತ್ತವೆ ಎಂದು ನಂಬಿದವರಿದ್ದರು. 1822ರಲ್ಲಿ ಉತ್ತರ ಜರ್ಮನಿಯ ಕ್ಲೂಟ್ಸ್ ಎಂಬ ಊರಿನ ಬಳಿ ಒಂದು ಬಿಳಿ ಕೊಕ್ಕರೆ ಬೇಟೆಗೆ ಸಿಕ್ಕಿತು. ಅದರ ಕುತ್ತಿಗೆಯಲ್ಲಿ ಉದ್ದನೆಯ ಈಟಿಯೊಂದು ಆರುಪಾರು ನೆಟ್ಟಿತ್ತು. ಈಟಿಯ ಮರ, ಕೆಲಸ ಎಲ್ಲ ಆಫ್ರಿಕದವು. ಅಲ್ಲಿ ಯಾರೋ ಎಸೆದ ಈಟಿಯನ್ನು ಹೊತ್ತೇ ಆ ಹಕ್ಕಿ ತನ್ನ ಊರಿಗೆ ಮರಳಿತ್ತು. ರೋಸ್ಟಾಕ್ ವಿಶ್ವವಿದ್ಯಾಲಯ ಅದನ್ನು ಇಂದಿಗೂ ಕಾಪಾಡಿಕೊಂಡಿದೆ. ಹಕ್ಕಿ ಖಂಡ ದಾಟುತ್ತದೆ ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ.

1899ರಲ್ಲಿ ಡೆನ್ಮಾರ್ಕಿನ ಶಾಲಾ ಮಾಸ್ತರರಾದ ಹಾನ್ಸ್ ಮಾರ್ಟೆನ್ಸನ್ ಹಕ್ಕಿಗಳ ಕಾಲಿಗೆ ವಿಳಾಸ ಮತ್ತು ಸಂಖ್ಯೆ ಕೆತ್ತಿದ ಅಲ್ಯುಮಿನಿಯಂ ಉಂಗುರ ತೊಡಿಸುವ ಪದ್ಧತಿ ಆರಂಭಿಸಿದರು. ಎರಡು ವರ್ಷಗಳಲ್ಲಿ, ಆಗ ಜರ್ಮನಿಗೆ ಸೇರಿದ್ದ ಬಾಲ್ಟಿಕ್ ತೀರದ ರೊಸಿಟನ್‌ನಲ್ಲಿ ಪಕ್ಷಿ ಅಧ್ಯಯನ ಕೇಂದ್ರವೊಂದು ತೆರೆಯಿತು. ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಸಲೀಂ ಅಲಿಯವರ ನೇತೃತ್ವದಲ್ಲಿ ಈ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಕೈಗೆತ್ತಿಕೊಂಡದ್ದು 1950ರ ದಶಕದ ಕೊನೆಯ ಹೊತ್ತಿಗೆ.

ಉಂಗುರಗಳು ಹೇಳಿದ ಕತೆ ಸ್ವಾರಸ್ಯಕರವಾಗಿದೆ. ಮಧ್ಯ ಯುರೋಪಿನ ಬಹುತೇಕ ವಲಸೆ ಹಕ್ಕಿಗಳು ದಕ್ಷಿಣಕ್ಕೆ, ಅಂದರೆ ಆಫ್ರಿಕಕ್ಕೆ ಹೋಗುತ್ತವೆ. ಬಿಳಿ ಕೊಕ್ಕರೆಗಳದ್ದು ಅದೇ ದಾರಿ. ಹ್ಯಾರಿಯರ್ ಎಂದು ಕರೆಯುವ ಉದ್ದ ರೆಕ್ಕೆಯ ಹೊಲದ ಗಿಡುಗಗಳೂ ಹಾಗೆಯೇ. ನಮ್ಮ ಎರೆ ಬಯಲುಗಳ ಮೇಲೆ ತೇಲಾಡುವ ಹ್ಯಾರಿಯರ್‌ಗಳು ಬರುವುದು ಕಜಕಸ್ತಾನ ಮತ್ತು ಅದರ ಸುತ್ತಲಿನ ಹುಲ್ಲುಗಾವಲುಗಳಿಂದ. ಒಂದೇ ಜಾತಿಯ ಹಕ್ಕಿಯಲ್ಲಿ ಪಶ್ಚಿಮದ ಪಂಗಡ ಆಫ್ರಿಕಕ್ಕೆ ಹೋಗುತ್ತದೆ, ಪೂರ್ವದ ಪಂಗಡ ಭಾರತಕ್ಕೆ ಬರುತ್ತದೆ.

ಆದರೆ ಕೆಲವು ಹಕ್ಕಿಗಳು ಈ ನಿಯಮಕ್ಕೆ ಹೊರತು. ಮಧ್ಯ ಯುರೋಪಿನ ಬೀಚ್ ಮರಗಳ ಕಾಡಿನಲ್ಲಿ ಮರಿ ಮಾಡುವ, ಹತ್ತು ಗ್ರಾಂ ತೂಗುವ ಕೆಂಪು ಎದೆಯ ನೊಣಹಿಡುಕ ಆಫ್ರಿಕದ ಗೊಡವೆಗೆ ಹೋಗದೆ ನೇರ ಪೂರ್ವಕ್ಕೆ ತಿರುಗಿ ಭಾರತಕ್ಕೆ ಬರುತ್ತದೆ. ಗುಲಾಬಿ ಫಿಂಚ್ ಮತ್ತು ಗುಲಾಬಿ ಕಬ್ಬಕ್ಕಿಗಳದ್ದೂ ಇದೇ ಹಾದಿ. ಬುಡಾಪೆಸ್ಟಿನಿಂದ ಬಾಗಲಕೋಟೆಗೆ ನೇರ ಗೆರೆ ಎಳೆದರೂ ಸುಮಾರು 6,000 ಕಿಲೋಮೀಟರ್ ಆಗುತ್ತದೆ. ಹತ್ತಿರದಲ್ಲೇ ಆಫ್ರಿಕವಿರುವಾಗ ಇಷ್ಟು ದೂರ ಏಕೆ?

ವಿಜ್ಞಾನಿಗಳು ಕೊಡುವ ವಿವರಣೆ ಒಂದು ರೀತಿಯಲ್ಲಿ ಚರಿತ್ರೆಯ ಪಾಠವೇ ಆಗಿದೆ. ಈ ಹಕ್ಕಿಗಳ ಪೂರ್ವಿಕರು ಪೂರ್ವದಲ್ಲಿದ್ದವರು. ನೆಲೆ ವಿಸ್ತರಿಸುತ್ತ ಪಶ್ಚಿಮಕ್ಕೆ ಸರಿದು ಯುರೋಪು ಸೇರಿದರು. ಚಳಿಗಾಲದ ಹಳೆಯ ಮನೆಯನ್ನು ಮಾತ್ರ ಬಿಡಲಿಲ್ಲ. ಗುಲಾಬಿ ಫಿಂಚ್ ಇಪ್ಪತ್ತನೇ ಶತಮಾನದಲ್ಲಿಯೂ ಪಶ್ಚಿಮಕ್ಕೆ ಹಬ್ಬುತ್ತ ಹೋಯಿತು. ಆದರೂ ಚಳಿಗಾಲಕ್ಕೆ ಅದು ಮರಳುವುದು ದಕ್ಷಿಣ ಏಷ್ಯಕ್ಕೇ. ಮುಂಬಯಿಗೆ, ಪುಣೆಗೆ ಹೋಗಿ ನೆಲೆಸಿದ ನಮ್ಮವರು ಕೂಡಲಸಂಗಮದ ಜಾತ್ರೆಗೆ, ಬನಶಂಕರಿಯ ತೇರಿಗೆ ತಪ್ಪದೆ ಬರುವಂತೆ ಈ ಹಕ್ಕಿಗಳೂ ಪೂರ್ವಿಕರ ದಾರಿ ಹಿಡಿದು ಬರುತ್ತವೆ. ಅಪ್ಪ ಅಮ್ಮ ಜೊತೆಗಿಲ್ಲದೆಯೇ ಮೊದಲ ವರ್ಷದ ಮರಿಗಳು ಈ ದಾರಿ ಹಿಡಿಯುವುದುಂಟು. ದಾರಿ ಅವುಗಳ ಹುಟ್ಟಿನಲ್ಲೇ ಇದೆ.

ಹಂಸ ಎಂದರೆ ಯಾವ ಹಕ್ಕಿ?

ಪೂರ್ವಿಕರ ದಾರಿ ಮರೆಯದ ಹಕ್ಕಿಗಳಲ್ಲಿ ನಮಗೆ ಅತಿ ಹೆಚ್ಚು ಪರಿಚಯವಿರಬೇಕಾದದ್ದು ಹಂಸ. ಚಾಲುಕ್ಯರ ಶಿಲ್ಪದಲ್ಲಿ ಹಂಸಗಳ ಸಾಲು ಮತ್ತೆ ಮತ್ತೆ ಕಾಣಸಿಗುವ ಅಲಂಕಾರ. ಬ್ರಹ್ಮನ ವಾಹನ ಅದೇ. ಮಳೆಗಾಲ ಬಂದೊಡನೆ ಹಂಸ ಮಾನಸ ಸರೋವರಕ್ಕೆ ಹೊರಟುಹೋಗುತ್ತದೆ, ಶರತ್ಕಾಲಕ್ಕೆ ಮರಳುತ್ತದೆ ಎಂಬುದು ಕವಿಗಳ ಮಾತು. ಇದನ್ನು ಬರಿಯ ಕಲ್ಪನೆಯೆಂದು ತಳ್ಳಿಹಾಕುವುದು ವಾಡಿಕೆ. ಪಾಶ್ಚಾತ್ಯ ಚಿತ್ರಗಳ ಪ್ರಭಾವದಿಂದ ಹಂಸವೆಂದರೆ ಉದ್ದ ಕೊರಳಿನ ಬಿಳಿಯ ಸ್ವಾನ್ ಎಂಬ ಕಲ್ಪನೆಯೂ ನಮ್ಮಲ್ಲಿ ಬೇರೂರಿದೆ. ಸ್ವಾನ್ ಭಾರತಕ್ಕೆ, ಅದರಲ್ಲೂ ದಖ್ಖನಿಗೆ ಬರುವ ಹಕ್ಕಿಯಲ್ಲ.

ಡಚ್ ವಿದ್ವಾಂಸ ಜೆ. ಪಿಎಚ್. ಫೋಗೆಲ್ ಈ ವಿಷಯದ ಬಗ್ಗೆಯೇ ಬರೆದ, 1962ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಭಾರತೀಯ ಸಾಹಿತ್ಯ ಮತ್ತು ಶಿಲ್ಪದ ಹಂಸ ನಿಜಕ್ಕೂ ಹೆಬ್ಬಾತು ಎಂದು ವಾದಿಸಿದರು. ಶಿಲ್ಪಗಳ ಗಿಡ್ಡ ಕೊಕ್ಕು, ದಪ್ಪ ಮೈ, ನೆಲದ ಮೇಲೆ ಸಲೀಸಾಗಿ ನಡೆಯುವ ನಿಲುವು ಹೆಬ್ಬಾತಿಗೆ ಹೊಂದುತ್ತವೆ. ನಮ್ಮಲ್ಲಿಗೆ ಬರುವುದು ಪಟ್ಟೆತಲೆಯ ಹೆಬ್ಬಾತು. ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕರಿ ಪಟ್ಟೆ. ಅದು ಮರಿ ಮಾಡುವುದು ಟಿಬೆಟ್ಟಿನ ಎತ್ತರದ ಸರೋವರಗಳಲ್ಲಿ ಮತ್ತು ಮಂಗೋಲಿಯದಲ್ಲಿ. ಬೇಸಿಗೆ ಬಲಿಯುವ ಮೊದಲೇ ಉತ್ತರಕ್ಕೆ ಹೊರಟು, ಮಳೆಗಾಲ ಕಳೆದ ಮೇಲೆ ಮರಳುತ್ತದೆ. ಕವಿಗಳು ನೋಡಿಯೇ ಬರೆದಿದ್ದರು.

ಈ ಹಕ್ಕಿ ಹಿಮಾಲಯವನ್ನು ದಾಟುವ ಬಗೆ ಜಗತ್ತಿನ ಕುತೂಹಲ ಕೆರಳಿಸಿದೆ. ಉಪಗ್ರಹ ಸಾಧನ ಕಟ್ಟಿ ಬೆನ್ನಟ್ಟಿದ ಸಂಶೋಧಕರಿಗೆ ಒಂದು ಹೆಬ್ಬಾತು 7,290 ಮೀಟರ್ ಎತ್ತರದಲ್ಲಿ ಹಾರಿದ ದಾಖಲೆ ಸಿಕ್ಕಿತು. ಅವು ಒಂದೇ ಸಮನೆ ಎತ್ತರದಲ್ಲಿ ಹಾರದೆ ಬೆಟ್ಟದ ಏರಿಳಿತವನ್ನೇ ಅನುಸರಿಸಿ ಏರುತ್ತ ಇಳಿಯುತ್ತ ಸಾಗುತ್ತವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ತೆಳುಗಾಳಿಯಲ್ಲಿ ಶಕ್ತಿ ಉಳಿಸುವ ಉಪಾಯ ಅದು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಹಂಸದ ಜೊತೆಗೆ ನೆನೆಯಬೇಕಾದ ಇನ್ನೊಂದು ಹಕ್ಕಿ ಜಕ್ಕವಕ್ಕಿ, ಸಂಸ್ಕೃತದ ಚಕ್ರವಾಕ. ಹಗಲು ಜೊತೆಗಿದ್ದು ರಾತ್ರಿ ಅಗಲುವ ಜೋಡಿ ಎಂದು ಹಳಗನ್ನಡ ಕವಿಗಳು ವಿರಹಕ್ಕೆ ಇದನ್ನೇ ಹೋಲಿಸುತ್ತ ಬಂದರು. ಕಿತ್ತಳೆ ಬಣ್ಣದ ಈ ಬಾತು ಆಗ್ನೇಯ ಯುರೋಪಿನಿಂದ ಮಧ್ಯ ಏಷ್ಯದವರೆಗೆ ಮರಿ ಮಾಡಿ ಚಳಿಗಾಲಕ್ಕೆ ನಮ್ಮ ನದಿಗಳಿಗೆ ಬರುತ್ತದೆ. ಪುಸ್ತಕದಲ್ಲಿ ಮಾತ್ರ ಅದನ್ನು ಕಂಡವರು ಒಮ್ಮೆ ಕೃಷ್ಣೆಯ ದಂಡೆಗೆ ಹೋಗಿ ಕಣ್ಣಾರೆ ನೋಡುವುದು ಒಳ್ಳೆಯದು.

ಇನ್ನು ಬಾದಾಮಿ. ಒಂದನೆಯ ಪುಲಕೇಶಿ ಇಲ್ಲಿನ ಬೆಟ್ಟವನ್ನು ಕೋಟೆ ಮಾಡಿದ್ದು 543ರಲ್ಲಿ ಎಂದು ಬಂಡೆಯ ಶಾಸನ ಹೇಳುತ್ತದೆ. ಎರಡು ಬೆಟ್ಟಗಳ ನಡುವೆ ಮಳೆನೀರು ಹಿಡಿದಿಟ್ಟ ಅಗಸ್ತ್ಯ ತೀರ್ಥ ಇಲ್ಲದಿದ್ದರೆ ವಾತಾಪಿ ರಾಜಧಾನಿಯಾಗಿ ಬಾಳುವುದು ಕಷ್ಟವಿತ್ತು. ಗುಹೆಗಳನ್ನು ನೋಡಲು ಬಂದವರು ತಲೆಯೆತ್ತಿ ಕೆಂಪು ಬಂಡೆಯ ಬಿರುಕುಗಳನ್ನೂ ನೋಡಬೇಕು. ಬಂಡೆಗೆ ಗೂಡು ಅಂಟಿಸುವ ಕವಲುತೋಕೆಗಳು ಅಲ್ಲಿ ವರ್ಷವಿಡೀ ಇರುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ನೀಲಿ ಬಂಡೆಸಿಳ್ಳಾರ ಅವುಗಳ ಜೊತೆ ಸೇರುತ್ತದೆ.

ಹಕ್ಕಿಯ ದಾಖಲೆ ಇಟ್ಟವರು

ಈ ಸೀಮೆಯ ಪ್ರಾಣಿಪಕ್ಷಿಗಳನ್ನು ಆಧುನಿಕ ಪದ್ಧತಿಯಲ್ಲಿ ದಾಖಲಿಸಿದವರಲ್ಲಿ ಮೊದಲಿಗರು ಬ್ರಿಟಿಷ್ ಅಧಿಕಾರಿಗಳು. ಅವರಲ್ಲಿ ಕನ್ನಡಿಗರಿಗೆ ಹೆಸರು ಗೊತ್ತಿರುವವನು ವಾಲ್ಟರ್ ಎಲಿಯಟ್. 1824ರಲ್ಲಿ ರಾಣಿ ಚೆನ್ನಮ್ಮನ ಕಿತ್ತೂರಿನಲ್ಲಿ ಥ್ಯಾಕರೆ ಸತ್ತಾಗ ಸ್ಟೀವನ್ಸನ್ ಜೊತೆ ಸೆರೆಸಿಕ್ಕ ತರುಣ ಅಧಿಕಾರಿ ಇವನೇ. ಬಿಡುಗಡೆಯಾದ ಮೇಲೆ ಧಾರವಾಡ ಪ್ರಾಂತದಲ್ಲಿ ಹಲವು ವರ್ಷ ಕೆಲಸ ಮಾಡಿ, ಐನೂರಕ್ಕೂ ಹೆಚ್ಚು ಶಾಸನಗಳ ಪ್ರತಿ ಮಾಡಿಸಿದ. ಚಾಲುಕ್ಯರ ವಂಶಾವಳಿಯನ್ನು ಇಂಗ್ಲಿಷ್ ಓದುಗರ ಮುಂದಿಟ್ಟವರಲ್ಲಿ ಇವನು ಮೊದಲಿಗ. ಅದೇ ಕೈ 1839ರಲ್ಲಿ ದಕ್ಷಿಣ ಮರಾಠ ಸೀಮೆಯ ಸಸ್ತನಿಗಳ ಪಟ್ಟಿಯನ್ನು ಪ್ರಕಟಿಸಿತು. ಪ್ರಾಣಿಗಳ ಕನ್ನಡ ಹೆಸರುಗಳನ್ನು ಕೇಳಿ ಬರೆದುಕೊಂಡದ್ದು ಅದರ ವಿಶೇಷ. ಶಾಸನ ಓದುವವನಿಗೂ ಪ್ರಾಣಿ ಎಣಿಸುವವನಿಗೂ ಬೇಕಾದ ತಾಳ್ಮೆ ಒಂದೇ ಎಂಬುದಕ್ಕೆ ಎಲಿಯಟ್ ಸಾಕ್ಷಿ.

ಪಕ್ಷಿಗಳ ಸರದಿ ಬಂದದ್ದು 1881ರಲ್ಲಿ. ಕ್ಯಾಪ್ಟನ್ ಇ. ಎ. ಬಟ್ಲರ್ ದಖ್ಖನ್ ಮತ್ತು ದಕ್ಷಿಣ ಮರಾಠ ಸೀಮೆಯ ಪಕ್ಷಿಗಳ ಪಟ್ಟಿಯನ್ನು 'ಸ್ಟ್ರೇ ಫೆದರ್ಸ್' ಎಂಬ ಪತ್ರಿಕೆಯಲ್ಲಿ ಪ್ರಕಟಿಸಿದ. ಆ ಪತ್ರಿಕೆಯ ಸಂಪಾದಕ ಎ. ಓ. ಹ್ಯೂಮ್, ನಾಲ್ಕು ವರ್ಷಗಳ ತರುವಾಯ ಕಾಂಗ್ರೆಸ್ಸಿನ ಸ್ಥಾಪನೆಗೆ ಕಾರಣನಾದ ಹ್ಯೂಮ್ ಇವನೇ. ಆಗ ಬಾಗಲಕೋಟೆ, ಬಾದಾಮಿ, ಹುನಗುಂದಗಳು ಕಲಾದಗಿ ಜಿಲ್ಲೆಗೆ ಸೇರಿದ್ದವು.

ಆಮೇಲೆ ಒಂದು ದೊಡ್ಡ ಕಂದಕ. ಸಲೀಂ ಅಲಿಯವರು 1930ರ ದಶಕದ ಆರಂಭದಲ್ಲಿ ಹೈದರಾಬಾದ್ ಸಂಸ್ಥಾನದ ಪಕ್ಷಿ ಸಮೀಕ್ಷೆ ನಡೆಸಿದರು. 1939–40ರಲ್ಲಿ ಮೈಸೂರು ಸಂಸ್ಥಾನದ ಸಮೀಕ್ಷೆ ನಡೆಯಿತು. ಎರಡೂ ಆಯಾ ಸಂಸ್ಥಾನಗಳ ಗಡಿಯೊಳಗಿನ ಕೆಲಸ. ಇಳಕಲ್ಲಿನ ಗಡಿ ದಾಟಿದರೆ ನಿಜಾಮನ ಕುಷ್ಟಗಿ. ಅಲ್ಲಿಯವರೆಗೆ ಬಂದ ಸಮೀಕ್ಷೆಗೆ ಮುಂಬಯಿ ಪ್ರಾಂತದ ಈ ತಾಲ್ಲೂಕುಗಳು ಹೊರಗೇ ಉಳಿದವು. ಕನ್ನಡ ನಾಡು ಹಂಚಿಹೋಗಿದ್ದರ ಪರಿಣಾಮ ಹಕ್ಕಿಗಳ ಲೆಕ್ಕದ ಮೇಲೂ ಆಯಿತು. ಏಷ್ಯದ ನೀರುಹಕ್ಕಿಗಳ ಗಣತಿ 1987ರಲ್ಲಿ ಆರಂಭವಾಗಿ ಪ್ರತಿ ಜನವರಿಯಲ್ಲಿ ನಡೆಯತೊಡಗಿದ ಮೇಲೆ ಹವ್ಯಾಸಿಗಳು ಕೆರೆ, ಹಿನ್ನೀರುಗಳ ದಂಡೆಯಲ್ಲಿ ನಿಂತು ಎಣಿಸುವ ಪದ್ಧತಿ ಬಂತು.

ಬರ ಕಟ್ಟಿಸಿದ ಕೆರೆಗಳು

ಬಾಗಲಕೋಟೆ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರಿಗಿಂತ ಕಡಿಮೆ. ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಹರಿಯುತ್ತಿದ್ದರೂ ಅವು ಘಟ್ಟದ ಮಳೆಯ ನೀರನ್ನು ಹೊತ್ತು ಮುಂದೆ ಸಾಗುವ ನದಿಗಳು. ಬೇಸಿಗೆಯಲ್ಲಿ ಬತ್ತಿ ಮರಳಾಗುತ್ತಿದ್ದವು. ನಿಂತ ನೀರು ಬೇಕೆಂದರೆ ಕಟ್ಟಬೇಕಿತ್ತು.

1876ರಿಂದ 78ರವರೆಗೆ ಬಿದ್ದ ಬರವನ್ನು ನಮ್ಮ ಹಿರಿಯರು ಆ ಸಂವತ್ಸರಗಳ ಹೆಸರಿನಿಂದ ಧಾತು ಈಶ್ವರ ಬರವೆಂದು ಕರೆಯುತ್ತಿದ್ದರು. ಮುಂಬಯಿ ಪ್ರಾಂತದಲ್ಲಿ ಅದರ ಹೊಡೆತಕ್ಕೆ ಅತಿ ಹೆಚ್ಚು ನಲುಗಿದ ಜಿಲ್ಲೆಗಳಲ್ಲಿ ಕಲಾದಗಿ ಒಂದು. ಸತ್ತವರ, ಊರು ಬಿಟ್ಟವರ ಸಂಖ್ಯೆ ಸರ್ಕಾರವನ್ನೇ ಬೆಚ್ಚಿಬೀಳಿಸಿತು. ನೀರಾವರಿಯ ಕೆಲಸಗಳಿಗೆ ಚಾಲನೆ ಸಿಕ್ಕಿದ್ದು ಈ ಬರದ ನೆನಪಿನಲ್ಲಿ. ಬಾಗಲಕೋಟೆಯ ಬಳಿಯ ಮುಚಖಂಡಿ ಕೆರೆಯ ಕಟ್ಟೆ ಬ್ರಿಟಿಷರ ಕಾಲದ್ದು. ಘಟಪ್ರಭೆಗೆ ಧೂಪದಾಳದಲ್ಲಿ ಒಡ್ಡು ಎದ್ದದ್ದು ಅದೇ ಶತಮಾನದ ಕೊನೆಯ ಭಾಗದಲ್ಲಿ. ಹೊಲಕ್ಕೆ ನೀರು ಹಾಯಿಸಲು ಕಟ್ಟಿದ ಆ ಒಡ್ಡಿನ ಹಿಂದೆ ನೀರು ಹರಡಿ ನಿಂತಿತು, ಹಕ್ಕಿಗಳು ಬಂದವು. 1974ರಲ್ಲಿ ಅದು ಘಟಪ್ರಭಾ ಪಕ್ಷಿಧಾಮವಾಯಿತು. ಡೆಮಾಯ್ಸೆಲ್ ಎಂಬ ಬೂದು ಕ್ರೌಂಚಗಳಿಗೂ ಯುರೋಪಿನ ಊರುಗಳಲ್ಲಿ ಚಿಮಣಿಯ ಮೇಲೆ ಗೂಡು ಕಟ್ಟುವ ಅದೇ ಜಾತಿಯ ಬಿಳಿ ಕೊಕ್ಕರೆಗಳಿಗೂ ಹೆಸರಾದ ತಾಣ ಅದು.

ಮುಳುಗಿದ ಊರು, ಇಳಿದ ಹಕ್ಕಿ

ಇದೇ ಘಟಪ್ರಭೆ ಕೆಳಗೆ ಹರಿದು ಬಂದು ಚಿಕ್ಕಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮುಂದೆ ಆಲಮಟ್ಟಿ. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಣೆಕಟ್ಟು ಹಲವು ದಶಕಗಳ ತಗಾದೆ, ಹಣದ ಮುಗ್ಗಟ್ಟುಗಳನ್ನು ದಾಟಿಕೊಂಡು ಬಂತು. 519.6 ಮೀಟರ್ ಮಟ್ಟದವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ ಅನುಮತಿ ನೀಡಿದ್ದು 2000ದಲ್ಲಿ. 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. 123 ಟಿಎಂಸಿ ನೀರು ಹಿಡಿಯುವ ಆ ಸಾಗರಕ್ಕೆ ಶಾಸ್ತ್ರಿಯವರ ಹೆಸರೇ ಇದೆ.

ನೀರಿನಡಿ ಹೋದದ್ದು ಏನು ಎಂಬುದನ್ನು ಬಾಗಲಕೋಟೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನೂರಕ್ಕೂ ಹೆಚ್ಚು ಹಳ್ಳಿಗಳ ಹೊಲ, ಮನೆ, ಗುಡಿ, ದರ್ಗಾ, ಗರಡಿಮನೆಗಳು ಹೋದವು. ಬಾಗಲಕೋಟೆಯ ಹಳೆಯ ಪೇಟೆಯ ಒಂದು ದೊಡ್ಡ ಭಾಗ ಹೋಯಿತು. ಊರಿಗೆ ಮುಳುಗಡೆ ನಗರಿ ಎಂಬ ಅಡ್ಡಹೆಸರು ಅಂಟಿಕೊಂಡಿತು. ನವನಗರದಲ್ಲಿ ಸೆಕ್ಟರ್ ಸಂಖ್ಯೆಗಳ ನಡುವೆ ಹೊಸ ಬದುಕು ಕಟ್ಟಿಕೊಂಡವರು ತಮ್ಮ ಓಣಿಯ ಹೆಸರನ್ನು ಇನ್ನೂ ಮರೆತಿಲ್ಲ. ಕೆಳಗೆ ಕೂಡಲಸಂಗಮದಲ್ಲಿ 1982ರಲ್ಲಿ ಮುಗಿದ ನಾರಾಯಣಪುರ ಆಣೆಕಟ್ಟಿನ ಹಿನ್ನೀರು ಬಸವಣ್ಣನವರ ಐಕ್ಯಸ್ಥಳವನ್ನು ಮುಟ್ಟಿದಾಗ ಅದರ ಸುತ್ತ ಬಾವಿಯಂತೆ ಗೋಡೆ ಎಬ್ಬಿಸಿ ಉಳಿಸಿಕೊಂಡರು. ಮೇಲೆ ಮಂಟಪ, ಸುತ್ತ ನೀರು, ಒಳಗೆ ಮೆಟ್ಟಿಲಿಳಿದು ದರ್ಶನ. ಎಲ್ಲ ಊರಿಗೂ ಹಾಗೆ ಗೋಡೆ ಕಟ್ಟಲು ಸಾಧ್ಯವಿರಲಿಲ್ಲ.

ಈ ನೀರಿಗೆ ಹಕ್ಕಿಗಳು ಬಂದದ್ದನ್ನು ಅರ್ಥ ಮಾಡಿಕೊಳ್ಳಲು ಜಲಾಶಯದ ವಾರ್ಷಿಕ ಏರಿಳಿತ ತಿಳಿಯಬೇಕು. ಮುಂಗಾರಿನಲ್ಲಿ ಆಣೆಕಟ್ಟು ತುಂಬುತ್ತದೆ. ಹಿಂಗಾರಿನ ಹೊತ್ತಿಗೆ ಕಾಲುವೆಗೆ ನೀರು ಬಿಟ್ಟಂತೆ ದಂಡೆ ಹಿಂದೆ ಸರಿಯುತ್ತದೆ. ಈ ಸೀಮೆ ಸಪಾಟಾದ್ದರಿಂದ ನೀರಿನ ಮಟ್ಟ ಒಂದು ಅಡಿ ಇಳಿದರೂ ಬಹುದೂರದವರೆಗೆ ಕೆಸರು ತೆರೆದುಕೊಳ್ಳುತ್ತದೆ. ಹುಳು, ಬಸವನಹುಳು, ಸಣ್ಣ ಮೀನು, ನೀರುಗಿಡಗಳ ಬೀಜ ಎಲ್ಲ ಆ ತೆಳುನೀರಿನಲ್ಲಿರುತ್ತವೆ. ಉತ್ತರದಲ್ಲಿ ಕೆರೆಗಳು ಹೆಪ್ಪುಗಟ್ಟುವ ಸಮಯಕ್ಕೆ ಸರಿಯಾಗಿ ಇಲ್ಲಿ ಊಟದ ಎಲೆ ಹಾಸಿದಂತಾಗುತ್ತದೆ. ಬೀಳಗಿ ತಾಲ್ಲೂಕಿನ ಹೆರಕಲ್ ಸುತ್ತಿನ ಹಿನ್ನೀರು ಫ್ಲೆಮಿಂಗೊಗಳಿಗೆ ಹೆಸರಾದದ್ದು ಹೀಗೆ. ತಲೆ ಕೆಳಗೆ ಮಾಡಿ ಕೊಕ್ಕಿನಿಂದ ಕೆಸರುನೀರನ್ನು ಸೋಸಿ ತಿನ್ನುವ ಈ ಗುಲಾಬಿ ಹಕ್ಕಿಗೆ ಆಳದ ನೀರು ಪ್ರಯೋಜನವಿಲ್ಲ, ಮೊಣಕಾಲಿನಷ್ಟು ನೀರು ಬೇಕು. ನಮ್ಮ ದೇಶದಲ್ಲಿ ಅವುಗಳ ದೊಡ್ಡ ತೌರು ಕಚ್ಛದ ರಣ.

ಹಿನ್ನೀರು ಸರಿದ ನೆಲವನ್ನು ಕಾಯುವವರು ಹಕ್ಕಿಗಳಷ್ಟೇ ಅಲ್ಲ. ಮುಳುಗಿದ ಹೊಲದ ಮೆತ್ತನೆ ಮಣ್ಣಿನಲ್ಲಿ ಕಡಲೆ, ಜೋಳ ಬಿತ್ತುವ ರೈತರಿದ್ದಾರೆ, ಬಲೆ ಬೀಸುವ ಮೀನುಗಾರರಿದ್ದಾರೆ, ದನ ಕುರಿ ಮೇಯಿಸುವವರಿದ್ದಾರೆ. ಹೆಬ್ಬಾತು ರಾತ್ರಿ ಹೊತ್ತು ಹೊಲಕ್ಕಿಳಿದು ಎಳೆಯ ಪೈರು ಮೇಯುತ್ತದೆ. ನಷ್ಟವಾಗುವುದು ಸುಳ್ಳಲ್ಲ. ಒಮ್ಮೆ ನೀರಿಗೆ ಭೂಮಿ ಕೊಟ್ಟ ಮನೆಯವನೇ ಎರಡನೆಯ ಸಲ ಹಕ್ಕಿಗೆ ಬೆಳೆ ಕೊಡಬೇಕೇ ಎಂಬ ಪ್ರಶ್ನೆಯನ್ನು ಪಕ್ಷಿಪ್ರಿಯರು ಎದುರಿಸಲೇಬೇಕು.

ಮೀನುಕೊಳದ ಪಾಠ

ಈ ಪ್ರಶ್ನೆಗೆ ಮಧ್ಯ ಯುರೋಪಿನ ಅನುಭವ ನೆರವಿಗೆ ಬರುತ್ತದೆ. ಅಲ್ಲಿನ ಹೆಸರಾಂತ ಪಕ್ಷಿತಾಣಗಳೆಲ್ಲ ಕನ್ನೆನೆಲಗಳೆಂದು ಭಾವಿಸುವುದು ಸರಿಯಲ್ಲ. ಜೆಕ್ ದೇಶದ ಟ್ರೆಬೋನ್ ಸೀಮೆಯ ಕೊಳಗಳು ಮೀನು ಸಾಕಲು ತೋಡಿದಂಥವು. ಅವುಗಳಲ್ಲಿ ದೊಡ್ಡದಾದ ರೋಜ್ಮ್‌ಬೆರ್ಕ್ ಕೊಳವನ್ನು ಯಾಕುಬ್ ಕ್ರ್ಚಿನ್ ಎಂಬ ಎಂಜಿನಿಯರ್ 1584ರಿಂದ 1590ರ ನಡುವೆ ಕಟ್ಟಿಸಿದ. ವಿಜಯಪುರದಲ್ಲಿ ಆದಿಲ್‌ಶಾಹಿಗಳು ಆಳುತ್ತಿದ್ದ ಕಾಲ ಅದು. ಶರತ್ಕಾಲದಲ್ಲಿ ಕೊಳದ ತೂಬು ತೆಗೆದು ನೀರು ಇಳಿಸಿ ಮೀನು ಹಿಡಿಯುತ್ತಾರೆ. ತೆರೆದ ಕೆಸರಿನ ಮೇಲೆ ವಲಸೆ ಹಕ್ಕಿಗಳು ಇಳಿಯುತ್ತವೆ. ಮೀನು ಸಾಕಣೆ ನಿಂತಿಲ್ಲ, ಹಕ್ಕಿಯೂ ಹೋಗಿಲ್ಲ. 1977ರಲ್ಲಿ ಯುನೆಸ್ಕೊ ಆ ಪ್ರದೇಶವನ್ನು ಜೀವಗೋಳ ಸಂರಕ್ಷಣಾ ತಾಣವೆಂದು ಗುರುತಿಸಿತು. 1990ರಲ್ಲಿ ಕೊಳಗಳು ರಾಮ್ಸರ್ ಪಟ್ಟಿ ಸೇರಿದವು.

ಹಂಗೇರಿಯ ಹೊರ್ತೊಬಾಜ್ ಕತೆಯೂ ಹೀಗೆಯೇ. ಹತ್ತೊಂಬತ್ತನೇ ಶತಮಾನದಲ್ಲಿ ತಿಸಾ ನದಿಗೆ ಒಡ್ಡು ಕಟ್ಟಿ ಜೌಗು ಬತ್ತಿಸಿದರು. ಇಪ್ಪತ್ತನೆಯ ಶತಮಾನದ ಎರಡನೇ ದಶಕದಲ್ಲಿ ಮೀನುಕೊಳಗಳನ್ನು ತೋಡಲು ಆರಂಭಿಸಿದ ಮೇಲೆ ನೀರುಹಕ್ಕಿಗಳು ಮರಳಿದವು. ಈಗ ಪ್ರತಿ ಅಕ್ಟೋಬರಿನಲ್ಲಿ ಒಂದು ಲಕ್ಷಕ್ಕೂ ಮೀರಿ ಕ್ರೌಂಚಗಳು ಅಲ್ಲಿ ತಂಗುತ್ತವೆ. ಅದೇ ದೇಶದ ಬಯಲುಗಳಲ್ಲಿ ನಮ್ಮ ಎರೆಭೂತದ ನೆಂಟನಾದ ದೊಡ್ಡ ಬಸ್ಟರ್ಡ್ ಇದೆ. ಬೇಟೆ ನಿಲ್ಲಿಸಿ, ಅದಕ್ಕೆ ಹೊಂದುವ ಬೆಳೆ ಬೆಳೆಯುವ ರೈತರಿಗೆ ಹಣ ಕೊಟ್ಟು, ಆಸ್ಟ್ರಿಯದ ಜೊತೆ ಸೇರಿ ಕೆಲವೆಡೆ ವಿದ್ಯುತ್ ತಂತಿಗಳನ್ನು ನೆಲದಡಿ ಹೂಳಿ ಅದನ್ನು ಉಳಿಸಿಕೊಂಡರು. ಸಾವಿರಕ್ಕೂ ಹೆಚ್ಚು ಹಕ್ಕಿಗಳು ಅಲ್ಲಿವೆ. ನಮ್ಮ ಎರೆಭೂತ ಕರ್ನಾಟಕದಲ್ಲಿ ಸಿರುಗುಪ್ಪದ ಬಯಲಿನಲ್ಲಿ ಬೆರಳೆಣಿಕೆಯಷ್ಟಕ್ಕೆ ಇಳಿದಿದೆ.

ನಮ್ಮಲ್ಲಿಯೂ ಒಳ್ಳೆಯ ಉದಾಹರಣೆ ಇಲ್ಲವೆಂದಲ್ಲ. ಗದಗ ಜಿಲ್ಲೆಯ ಮಾಗಡಿ ಕೆರೆ, ವಿಜಯನಗರ ಜಿಲ್ಲೆಯ ಅಂಕಸಮುದ್ರ ಎರಡೂ ಜನರು ಕಟ್ಟಿದ ಕೆರೆಗಳು. 2024ರಲ್ಲಿ ಎರಡೂ ರಾಮ್ಸರ್ ಪಟ್ಟಿ ಸೇರಿದವು. ಮಾಗಡಿಯಲ್ಲಿ ಸಾವಿರಾರು ಹೆಬ್ಬಾತುಗಳು ಚಳಿಗಾಲ ಕಳೆಯುತ್ತವೆ. ಆ ಪಟ್ಟಿಯ ಹಿಂದೆ ಊರವರ ಸಹನೆ ಇದೆ.

ಆದರೆ ಕಾನೂನಿನಲ್ಲಿ ಒಂದು ತೊಡಕಿದೆ. ಕೇಂದ್ರ ಸರ್ಕಾರ 2017ರಲ್ಲಿ ಹೊರಡಿಸಿದ ಜೌಗುಭೂಮಿ ಸಂರಕ್ಷಣಾ ನಿಯಮಗಳು ಕುಡಿಯುವ ನೀರಿಗಾಗಿ, ನೀರಾವರಿಗಾಗಿ ಮನುಷ್ಯರು ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಪ್ತಿಯಿಂದ ಹೊರಗಿಟ್ಟಿವೆ. ಈ ನಿಯಮದ ಕಣ್ಣಿನಲ್ಲಿ ಆಲಮಟ್ಟಿಯ ಹಿನ್ನೀರು ಜೌಗುಭೂಮಿಯೇ ಅಲ್ಲ. ನಿಂತ ನೀರನ್ನೆಲ್ಲ ಕೈಯಾರೆ ಕಟ್ಟಿಕೊಂಡ ಬಯಲುಸೀಮೆಗೆ ಇದು ಹೊಂದದ ಅಳತೆಗೋಲು. ಪಕ್ಷಿಧಾಮ, ಸಂರಕ್ಷಣಾ ಮೀಸಲು ಎಂದು ಬೇರೆ ಕಾಯ್ದೆಯಡಿ ಘೋಷಿಸುವ ದಾರಿಯಿದೆ. ಧೂಪದಾಳ ಉಳಿದದ್ದು ಹಾಗೆಯೇ.

ತುರ್ತು ಏಕೆಂದರೆ ದಂಡೆ ಮತ್ತೆ ಸರಿಯಲಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 524.256 ಮೀಟರಿಗೆ ಏರಿಸಲು ಕೃಷ್ಣಾ ಎರಡನೇ ನ್ಯಾಯಮಂಡಳಿ 2010ರಲ್ಲಿ ಒಪ್ಪಿಗೆ ನೀಡಿತು. ಹೊಸದಾಗಿ ಮುಳುಗುವ ಭೂಮಿಯ ಪರಿಹಾರದ ದರವನ್ನು ರಾಜ್ಯ ಸಚಿವ ಸಂಪುಟ 2025ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ನೀರು ಏರಿದರೆ ಇನ್ನಷ್ಟು ಹಳ್ಳಿಗಳೂ ಬಾಗಲಕೋಟೆಯ ಹಳೆಯ ಊರಿನಲ್ಲಿ ಉಳಿದ ಓಣಿಗಳೂ ಹೋಗುತ್ತವೆ. ಫ್ಲೆಮಿಂಗೊ ಕಾಲೂರುವ ಇಂದಿನ ಕೆಸರು ಆಳದ ನೀರಾಗುತ್ತದೆ, ಹೊಸ ದಂಡೆ ಬೇರೆಡೆ ಮೂಡುತ್ತದೆ. ಅದು ಎಲ್ಲಿ ಮೂಡುತ್ತದೆ, ಅಲ್ಲಿ ಬಿತ್ತುವವರು ಯಾರು, ಬೆಳೆ ನಷ್ಟ ತುಂಬಿಕೊಡುವವರು ಯಾರು ಎಂಬುದನ್ನು ಪುನರ್ವಸತಿಯ ಯೋಜನೆಯಲ್ಲೇ ಬರೆದಿಡುವುದು ಕಷ್ಟದ ಕೆಲಸವಲ್ಲ. ನೀರು ನಿಂತ ಮೇಲೆ ಯೋಚಿಸಹೊರಟರೆ ಜನರಿಗೂ ಹಕ್ಕಿಗೂ ತಡವಾಗುತ್ತದೆ ಎಂಬುದನ್ನು ಮೊದಲನೆಯ ಮುಳುಗಡೆ ಕಲಿಸಿದೆ.

ಇಳಕಲ್ಲಿನ ಸೀರೆಯ ಮೇಲೆ ಕಸೂತಿ ಹಾಕುವ ಹೆಣ್ಣುಮಕ್ಕಳು ನವಿಲು, ಗಿಳಿಗಳನ್ನು ಎಳೆ ಎಣಿಸಿ ಮೂಡಿಸುತ್ತಾರೆ. ಒಂದು ಎಳೆ ತಪ್ಪಿದರೂ ಹಕ್ಕಿಯ ರೂಪ ಕೆಡುತ್ತದೆ. ಹಿನ್ನೀರಿನ ಹಕ್ಕಿಗಳ ವಿಷಯದಲ್ಲಿಯೂ ಅಂಥದೇ ಲೆಕ್ಕ ಬೇಕಾಗಿದೆ: ಯಾವ ತಿಂಗಳು ಎಷ್ಟು ನೀರು, ಯಾವ ದಂಡೆಗೆ ಎಷ್ಟು ಹಕ್ಕಿ, ಯಾವ ಹೊಲಕ್ಕೆ ಎಷ್ಟು ನಷ್ಟ. ಬಾಲ್ಕನ್ನಿನ ಬಯಲಿನಿಂದಲೂ ಟಿಬೆಟ್ಟಿನ ಸರೋವರದಿಂದಲೂ ಹೊರಡುವ ಹಕ್ಕಿಗೆ ದಾರಿ ಹುಟ್ಟಿನಿಂದಲೇ ಗೊತ್ತು. ಅದು ಬಂದು ಇಳಿಯುವ ನೀರು ಮಾತ್ರ ನಮ್ಮ ಕೈಯಲ್ಲಿದೆ.